ಕಾದಂಬರಿಯ ಪ್ರೇಮವೂ ಸಂಸಾರದ ಪ್ರೇಮವೂ

ಕಾದಂಬರಿಗಳನ್ನೋದುವ ಹೆಣ್ಣುಮಕ್ಕಳು ಇಲ್ಲದ ಗಂಡನನ್ನು ಕಲ್ಪಿಸಿಕೊಂಡು, ಇರುವ ಸಂಸಾರದಲ್ಲಿ ಬೇಸರಪಡುವರೆಂದು ತಂದೆತಾಯಿಗಳು ದೂರುವುದುಂಟು. ಈ ದೂರಿನಲ್ಲಿ ನಿಜವೆಷ್ಟೆಂಬುದನ್ನು ವಿಚಾರಿಸೋಣ.

1813ರಲ್ಲಿ ಪ್ರಕಟವಾದ, ಜೇನ್ ಆಸ್ಟಿನಳ 'ಪ್ರೈಡ್ ಅಂಡ್ ಪ್ರೆಜುಡಿಸ್' ಎಂಬ ಕಾದಂಬರಿಯ ನಾಯಕನಾದ ಡಾರ್ಸಿಯ ಸಿರಿಯನ್ನೂ ಗಾಂಭೀರ್ಯವನ್ನೂ ಓದುಗರು ನೆನಪಿಡುವರು. ಆದರೆ ಎಲಿಜಬೆತ್ತಳು ಮೊದಲು ಅವನನ್ನು ಒಲ್ಲೆನೆಂದಳು. ಅವನು ಗರ್ವವನ್ನು ತಿದ್ದಿಕೊಂಡು, ತಾನೂ ತನ್ನ ತಪ್ಪೆಣಿಕೆಯನ್ನು ಒಪ್ಪಿಕೊಂಡ ಮೇಲೆಯೇ ಅವನ ಕೈಹಿಡಿದಳು. ಇದನ್ನು ಮರೆಯುವರು.

ನಮ್ಮ ಕನ್ನಡದಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯು 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದರಲ್ಲಿ ಎಳೆಯ ವಿಧವೆಯಾದ ಇಂದಿರೆಯು ಧೈರ್ಯದಿಂದ ಮನೆಬಿಟ್ಟು, ಸಜ್ಜನರ ಆಶ್ರಯದಲ್ಲಿ ವಿದ್ಯೆ ಕಲಿತು, ಬಳಿಕ ಭಾಸ್ಕರರಾಯನನ್ನು ವರಿಸುವಳು. ಎರಡರಲ್ಲಿಯೂ ಪ್ರೇಮಕ್ಕೆ ಆಧಾರವು ರೂಪವಲ್ಲ, ನಡತೆ.

ಕಥೆಗಳು ಬಹುಮಟ್ಟಿಗೆ ಮದುವೆಯೊಡನೆ ಮುಗಿಯುವುವು. ಬಾಳುವೆಯಾದರೋ ಅಲ್ಲಿಂದಲೇ ಮೊದಲು. ನಮ್ಮ ಭೂಸನೂರಿನ ಕಡೆಯ ಒಕ್ಕಲಿಗನೊಬ್ಬನು ತೊಗರಿಯ ರಾಶಿ ಮಾಡಿ ದಣಿದು ಬಂದರೂ, ಜ್ವರದಲ್ಲಿ ಮಲಗಿದ ಹೆಂಡತಿಗೆ ತಾನೇ ಒಲೆ ಹೊತ್ತಿಸಿ ಗಂಜಿ ಕಾಸಿ ಕೊಟ್ಟನೆನ್ನಿರಿ. ಇದನ್ನು ವರ್ಣಿಸುವ ಕಾದಂಬರಿಕಾರರು ವಿರಳ. ಆದರೂ ಪ್ರೇಮವೆಂಬುದು ಇದೇ.

ಆದುದರಿಂದ, ತಾಯಂದಿರೇ, ತಂದೆಗಳೇ, ಮಗಳ ಕೈಯಿಂದ ಪುಸ್ತಕವನ್ನು ಕಸಿದುಕೊಳ್ಳುವುದು ತಕ್ಕುದಲ್ಲ. ಚೆನ್ನಾಗಿ ಓದಿದವಳು ವರನ ಹೊಲಮನೆಗಳಿಗಿಂತ ಮೊದಲು ಅವನ ಗುಣವನ್ನು ವಿಚಾರಿಸುವಳು. ಅವಳು 'ಒಲ್ಲೆ' ಎಂದಾಗ, ಏಕೆಂದು ಕೇಳುವ ತಾಳ್ಮೆಯು ನಮಗಿರಬೇಕು.