ಲಿನಕ್ಸ್ ಗಣಕದಲ್ಲಿ ‘ಆರ್’: ಅಧ್ಯಾಪಕರ ಲೆಕ್ಕಕ್ಕೊಂದು ಸಾಧನ

ಗಡಿನಾಡಿನಲ್ಲಿ ಕನ್ನಡ ಕಲಿಸುವ ಅಧ್ಯಾಪಕನ ಬಳಿ ದಾಖಲೆಗಳಿಗೇನೂ ಕೊರತೆಯಿಲ್ಲ. ಹಾಜರಿ ಪುಸ್ತಕ, ಅಂಕಪಟ್ಟಿ, ಉಕ್ತಲೇಖನದ ಪುಸ್ತಕಗಳು ವರ್ಷದಿಂದ ವರ್ಷಕ್ಕೆ ಕಪಾಟಿನಲ್ಲಿ ಬೆಳೆಯುತ್ತಲೇ ಇರುತ್ತವೆ. ಆದರೆ ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಮರಾಠಿಯನ್ನೋ ಆಡುವ ಮಗು ಕನ್ನಡದ ಒತ್ತಕ್ಷರಗಳಲ್ಲಿ ಎಲ್ಲಿ ಎಡವುತ್ತದೆ ಎಂದು ಯಾರಾದರೂ ಕೇಳಿದರೆ ನಾವು ಕೊಡುವ ಉತ್ತರ ಬಹುಮಟ್ಟಿಗೆ ಊಹೆಯದು. ‘ನಮ್ಮ ಅನುಭವದಲ್ಲಿ ಹೀಗೆ’ ಎನ್ನುತ್ತೇವೆ. ಅನುಭವ ದೊಡ್ಡದೇ, ಆದರೆ ಅಧಿಕಾರಿಗಳ ಮುಂದಾಗಲಿ ಪಠ್ಯಪುಸ್ತಕ ರಚಿಸುವವರ ಮುಂದಾಗಲಿ ನಿಲ್ಲುವುದು ಲೆಕ್ಕ. ಆ ಲೆಕ್ಕವನ್ನು ನಾವೇ ಮಾಡಿಕೊಳ್ಳುವ ಬಗೆಯನ್ನು ಅಧ್ಯಾಪಕ ಬಂಧುಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಕಾಸರಗೋಡಿನ ನಮಗೆ ಇದರಲ್ಲೊಂದು ಅನುಕೂಲವಿದೆ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು. ಶಾಲೆಗಳ ಗಣಕಗಳಲ್ಲಿ ಅದು ಸಿದ್ಧಪಡಿಸಿದ ಲಿನಕ್ಸ್ ಕಾರ್ಯವ್ಯವಸ್ಥೆಯೇ ನಡೆಯುತ್ತಿದೆ, ಅದರ 22.04 ಆವೃತ್ತಿಗೆ ಉಬುಂಟುವಿನ ಅದೇ ಸಂಖ್ಯೆಯ ಆವೃತ್ತಿ ಆಧಾರ. ಇಂಥ ಯಂತ್ರಕ್ಕೆ ಒಪ್ಪುವ ವಿಶ್ಲೇಷಣಾ ತಂತ್ರಾಂಶವೇ ‘ಆರ್’. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಎಂಬಿಬ್ಬರು ಇದನ್ನು ರಚಿಸಿದರು. 1995ರಲ್ಲಿ ಇದನ್ನು ಎಲ್ಲರ ಸ್ವತಂತ್ರ ಬಳಕೆಗೆ ಬಿಟ್ಟುಕೊಟ್ಟರು. 2000ದ ಫೆಬ್ರವರಿ 29ರಂದು ಮೊದಲ ಪೂರ್ಣ ಆವೃತ್ತಿ ಹೊರಬಂದಿತು. ಇದಕ್ಕೆ ಶುಲ್ಕವಿಲ್ಲ. ಮಕ್ಕಳ ಹೆಸರು, ಅಂಕಗಳನ್ನು ಹೊರಗಿನ ಯಾರಿಗೂ ಕಳುಹಿಸಬೇಕಾಗಿಲ್ಲ. ಕೆಲಸವೆಲ್ಲ ನಮ್ಮ ಮೇಜಿನ ಮೇಲೆಯೇ ಆಗುತ್ತದೆ.

ಅನುಸ್ಥಾಪನೆಯ ಕ್ರಮ

ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇವೆ. ಗಣಕದಲ್ಲಿ ಅವನ್ನು ರೋಮನ್ ಸಣ್ಣಕ್ಷರಗಳಲ್ಲಿ ಬೆರಳಚ್ಚಿಸಬೇಕು. ಟರ್ಮಿನಲ್ ತೆರೆದು ಮೊದಲು ‘ಸುಡೋ ಆಪ್ಟ್ ಅಪ್‌ಡೇಟ್’, ಬಳಿಕ ‘ಸುಡೋ ಆಪ್ಟ್ ಇನ್‌ಸ್ಟಾಲ್ ಆರ್-ಬೇಸ್’ ಎಂದು ಕೊಟ್ಟರೆ ಆಯಿತು. ಗುಪ್ತಪದವನ್ನು ಬರೆಯುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಅದಕ್ಕೆ ಗಾಬರಿಯಾಗಬೇಕಾದುದಿಲ್ಲ. ಉಬುಂಟು 22.04ರ ಭಂಡಾರದಿಂದ ದೊರೆಯುವುದು ಆರ್ 4.1.2. ಇದಕ್ಕಿಂತ ಹೊಸವು ಬಂದಿವೆಯಾದರೂ ಶಾಲೆಯ ಲೆಕ್ಕಕ್ಕೆ ಇದು ಧಾರಾಳವಾಗಿ ಸಾಕು.

ತೊಡಕು ಬರುವುದು ಮುಂದಿನ ಹೆಜ್ಜೆಯಲ್ಲಿ. ಆರ್‌ಗೆ ಜೋಡಿಸಿಕೊಳ್ಳುವ ಸಾವಿರಾರು ಉಪಕರಣಗಳಿವೆ. ಅವುಗಳಿಗೆ ಪ್ಯಾಕೇಜ್ ಎನ್ನುತ್ತಾರೆ. ನಾವು ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ‘ಟೈಡಿವರ್ಸ್’ ಎಂಬ ಪ್ಯಾಕೇಜನ್ನು ಆರ್‌ನ ಒಳಗಿನಿಂದಲೇ ತರಿಸಲು ಹೋದೆವು. ಮಧ್ಯಾಹ್ನದ ಊಟದ ಗಂಟೆಗೆ ಮೊದಲು ಆರಂಭಿಸಿದ ಕೆಲಸ ಸಂಜೆ ಶಾಲೆ ಬಿಡುವವರೆಗೂ ನಡೆಯಿತು. ಕೊನೆಗೆ ‘ನಾನ್-ಜೀರೋ ಎಕ್ಸಿಟ್ ಸ್ಟೇಟಸ್’ ಎಂಬ ಒಂದು ಸಾಲನ್ನು ಬರೆದು ಯಂತ್ರ ಸುಮ್ಮನಾಯಿತು. ಲಿನಕ್ಸ್ ನಮ್ಮಂಥವರಿಗಲ್ಲ ಎಂದು ಕೈಬಿಟ್ಟೆವು. ತಪ್ಪು ನಮ್ಮದೇ ಎಂಬುದು ತಿಳಿದದ್ದು ವಾರದ ಬಳಿಕ.

ಸಂಗತಿ ಇಷ್ಟು. ಆರ್‌ನ ಕೇಂದ್ರ ಭಂಡಾರವಾದ ‘ಕ್ರಾನ್’ ವಿಂಡೋಸ್ ಮತ್ತು ಮ್ಯಾಕ್ ಗಣಕಗಳಿಗೆ ಸಿದ್ಧ ಪ್ಯಾಕೇಜುಗಳನ್ನು ಕೊಡುತ್ತದೆ. ಲಿನಕ್ಸಿಗೆ ಮೂಲ ಸಂಕೇತವನ್ನಷ್ಟೇ ಕೊಡುತ್ತದೆ. ಒಂದು ರುಬ್ಬಿದ ಹಿಟ್ಟು, ಇನ್ನೊಂದು ಅಕ್ಕಿ-ಉದ್ದು. ಅಕ್ಕಿ ತಂದವನ ಮನೆಯಲ್ಲಿ ರುಬ್ಬುವ ಕಲ್ಲಿರಬೇಕು. ನಮ್ಮ ಯಂತ್ರದಲ್ಲಿ ಆ ಕಲ್ಲು ಇರಲಿಲ್ಲ. ವಿಶೇಷವೆಂದರೆ, ಏನು ಇಲ್ಲವೆಂಬುದನ್ನು ಯಂತ್ರ ಮರೆಮಾಚಿರಲೇ ಇಲ್ಲ. ಕೊನೆಯ ಸಾಲನ್ನು ಬಿಟ್ಟು ಮೇಲಕ್ಕೆ ಸರಿಸಿ ಓದಿದಾಗ, ಡೆಬಿಯನ್ ಮತ್ತು ಉಬುಂಟುವಿನವರು ‘ಲಿಬ್‌ಕರ್ಲ್4-ಓಪನ್‌ಎಸ್‌ಎಸ್‌ಎಲ್-ಡೆವ್’ ಎಂಬುದನ್ನು ಹಾಕಿಕೊಳ್ಳಬೇಕೆಂದು ಹೆಸರು ಹಿಡಿದೇ ಹೇಳಿತ್ತು. ಅಂತೆಯೇ ‘ಲಿಬ್‌ಎಸ್‌ಎಸ್‌ಎಲ್-ಡೆವ್’, ‘ಲಿಬ್‌ಎಕ್ಸ್‌ಎಮ್‌ಎಲ್2-ಡೆವ್’ ಎಂಬೆರಡೂ ಬೇಕಾಗಿದ್ದವು. ಮಕ್ಕಳಿಗೆ ಪ್ರಶ್ನೆಯನ್ನು ಪೂರ್ತಿ ಓದಿರೆಂದು ದಿನವೂ ಹೇಳುವ ನಾವು ಯಂತ್ರದ ಉತ್ತರವನ್ನು ಪೂರ್ತಿ ಓದಿರಲಿಲ್ಲ.

ಇದಕ್ಕಿಂತ ಸುಲಭವಾದ ದಾರಿಯೂ ಉಂಟು. ಉಬುಂಟುವಿನ ಭಂಡಾರದಲ್ಲೇ ಅನೇಕ ಪ್ಯಾಕೇಜುಗಳು ರುಬ್ಬಿ ಸಿದ್ಧವಾಗಿವೆ. ಹೆಸರಿನ ಮುಂದೆ ‘ಆರ್-ಕ್ರಾನ್’ ಸೇರಿಸಿ ‘ಸುಡೋ ಆಪ್ಟ್ ಇನ್‌ಸ್ಟಾಲ್ ಆರ್-ಕ್ರಾನ್-ಟೈಡಿವರ್ಸ್’ ಎಂದರೆ ಅವಲಂಬನೆಗಳನ್ನೆಲ್ಲ ತಾನೇ ತಂದುಕೊಳ್ಳುತ್ತದೆ. ಮೊದಲು ಇಲ್ಲಿ ಹುಡುಕಿ, ಸಿಗದಿದ್ದರೆ ಮಾತ್ರ ಮೂಲ ಸಂಕೇತಕ್ಕೆ ಕೈಹಾಕುವುದು ಲೇಸು. ಆಗ ‘ಆರ್-ಬೇಸ್-ಡೆವ್’ ಕೂಡ ಇರಬೇಕು. ನಿಮ್ಮದೇ ಸ್ವಂತ ಕೋಶದಲ್ಲಿ ಪ್ಯಾಕೇಜನ್ನು ಇಡಲೇ ಎಂದು ಆರ್ ಕೇಳಿದರೆ ಹೌದೆನ್ನಬೇಕು. ಇಡೀ ವ್ಯವಸ್ಥೆಯ ಅಧಿಕಾರದಿಂದ ಆರ್ ಅನ್ನು ನಡೆಸುವುದು ಬೇಡ.

ಕನ್ನಡದ ದತ್ತಾಂಶ

ಲಿಬ್ರೆಆಫೀಸ್ ಕ್ಯಾಲ್ಕಿನಲ್ಲಿ ಬರೆದ ಪಟ್ಟಿಯನ್ನು ಸಿಎಸ್‌ವಿ ರೂಪದಲ್ಲಿ, ಯುಟಿಎಫ್-8 ಸಂಕೇತದಲ್ಲಿ ಉಳಿಸಬೇಕು. ವಿಂಡೋಸಿನಲ್ಲಿ ಆರ್ ಈ ಸಂಕೇತವನ್ನು ತನ್ನದಾಗಿಸಿಕೊಂಡದ್ದು 2022ರ 4.2 ಆವೃತ್ತಿಯಲ್ಲಿ, ಲಿನಕ್ಸಿನಲ್ಲಿ ಬಹು ಹಿಂದಿನಿಂದಲೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಆದರೆ ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಕಡತಗಳು ಒಳಗೆ ರೋಮನ್ ಸಂಕೇತಗಳೇ ಆಗಿರುವುದರಿಂದ ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: ಅಂಕಗಳನ್ನು ೪೫, ೬೨ ಎಂದು ಕನ್ನಡ ಅಂಕಿಗಳಲ್ಲಿ ಬರೆದಿದ್ದರೆ ಆರ್ ಅವನ್ನು ಸಂಖ್ಯೆಯೆಂದು ತಿಳಿಯದೆ ಪದವೆಂದು ತಿಳಿಯುತ್ತದೆ. ‘ಸಿಎಚ್‌ಎಆರ್‌ಟಿಆರ್’ ಎಂಬ ಆಜ್ಞೆ ಕನ್ನಡದ ಹತ್ತು ಅಂಕಿಗಳನ್ನು ಒಮ್ಮೆಗೇ ಬದಲಿಸಿಕೊಡುತ್ತದೆ.

ಈಗ ಒತ್ತಕ್ಷರದ ವಿಚಾರ. ‘ಕನ್ನಡ’ ಎಂಬ ಪದದಲ್ಲಿ ಅಕ್ಷರಗಳೆಷ್ಟು? ಎರಡನೆಯ ತರಗತಿಯ ಮಗುವೂ ಮೂರೆನ್ನುತ್ತದೆ. ಆರ್ ಐದೆನ್ನುತ್ತದೆ. ಕ, ನ, ವಿರಾಮಚಿಹ್ನೆ, ನ, ಡ ಎಂದು ಅದು ಸಂಕೇತಗಳನ್ನು ಎಣಿಸುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಅದಕ್ಕೆ ಆರು. ಯಂತ್ರ ಸುಳ್ಳು ಹೇಳುತ್ತಿಲ್ಲ. ಅಕ್ಷರವೆಂದರೇನೆಂಬುದನ್ನು ಅದಕ್ಕೆ ಯಾರೂ ಹೇಳಿಲ್ಲ. ಹೇಳಬೇಕಾದವರು ನಾವು. ವಿರಾಮಚಿಹ್ನೆಯನ್ನೂ ಅದರ ಮುಂದಿನ ವ್ಯಂಜನವನ್ನೂ ಒಟ್ಟಿಗೆ ತೆಗೆ. ಬಳಿಕ ಗುಣಿತಚಿಹ್ನೆ, ಅನುಸ್ವಾರ, ವಿಸರ್ಗಗಳನ್ನು ತೆಗೆ. ಉಳಿದುದನ್ನು ಎಣಿಸು — ಹೀಗೆ ‘ಜಿಸಬ್’ ಎಂಬ ಆಜ್ಞೆಯಿಂದ ನಿಯಮ ಕೊಟ್ಟರೆ ‘ಕನ್ನಡ’ ಮೂರಾಗುತ್ತದೆ, ‘ಸ್ತ್ರೀ’ ಒಂದಾಗುತ್ತದೆ. ‘ಬಸ್’ ಎಂಬಲ್ಲಿ ಕೊನೆಯ ವ್ಯಂಜನವನ್ನು ಬೇರೆ ಅಕ್ಷರವಾಗಿ ಎಣಿಸಬೇಕೇ ಎಂಬುದು ವ್ಯಾಕರಣ ಬಲ್ಲವನು ತೀರ್ಮಾನಿಸಬೇಕಾದ ಮಾತು.

ಅದೇ ರೀತಿ, ವಿರಾಮದ ಬೆನ್ನಿಗೆ ವ್ಯಂಜನ ಬರುವ ಪದಗಳನ್ನು ಮಾತ್ರ ಆರಿಸೆಂದರೆ ಒತ್ತಕ್ಷರಗಳಿರುವ ಪದಗಳೆಲ್ಲ ಕ್ಷಣದಲ್ಲಿ ಬೇರೆಯಾಗುತ್ತವೆ. ಉಕ್ತಲೇಖನದಲ್ಲಿ ನಾವು ಹೇಳಿದ ಪದವನ್ನು ಒಂದು ಅಂಕಣದಲ್ಲೂ ಮಗು ಬರೆದುದನ್ನು ಇನ್ನೊಂದರಲ್ಲೂ ಇಟ್ಟರೆ, ಸಜಾತೀಯ ಒತ್ತಿನಲ್ಲಿ ಎಷ್ಟು ತಪ್ಪು, ವಿಜಾತೀಯದಲ್ಲಿ ಎಷ್ಟು, ಮನೆಮಾತಿನಿಂದ ಮನೆಮಾತಿಗೆ ವ್ಯತ್ಯಾಸವೇನು ಎಂಬುದು ಸ್ಪಷ್ಟವಾಗುತ್ತದೆ. ಮಗು ಬರೆದುದನ್ನು ಬರೆದಂತೆಯೇ ಬೆರಳಚ್ಚಿಸಬೇಕು. ಕರುಣೆಯಿಂದ ತಿದ್ದಿದರೆ ಲೆಕ್ಕ ಕೆಡುತ್ತದೆ.

ಸೊಲ್ಲಾಪುರ, ತಾಳವಾಡಿ, ಆದೋನಿ ಕಡೆಯ ಬಂಧುಗಳ ಗಣಕ ಬೇರೆಯಾಗಿದ್ದರೂ ಆರ್‌ನ ಒಳಗಿನ ಆಜ್ಞೆಗಳು ಒಂದೇ. ಎಲ್ಲೆಡೆ ಒಂದೇ ಪದಪಟ್ಟಿಯನ್ನು ಹೇಳಿ ಬರೆಸಿದರೆ ಒಂದೂರಿನ ಲೆಕ್ಕವನ್ನು ಇನ್ನೊಂದೂರಿನೊಡನೆ ಹೋಲಿಸಬಹುದು. ಗಡಿನಾಡ ಮಕ್ಕಳ ಕನ್ನಡದ ಬಗ್ಗೆ ದೂರದಿಂದ ತೀರ್ಪು ಕೊಡುವವರು ಬಹಳ. ಆ ಮಕ್ಕಳ ಕೈಬರಹ ದಿನವೂ ಕಣ್ಣ ಮುಂದಿರುವವರು ನಾವು ಮಾತ್ರ. ಯಂತ್ರ ಎಣಿಸಬಲ್ಲುದು, ಆದರೆ ಏನನ್ನು ಎಣಿಸಬೇಕೆಂದು ಹೇಳಬಲ್ಲವನು ಅಧ್ಯಾಪಕನೇ. ಈ ವರ್ಷ ಒಂದು ತರಗತಿಯ ಒಂದು ಉಕ್ತಲೇಖನದಿಂದಲಾದರೂ ಈ ಕೆಲಸವನ್ನು ಆರಂಭಿಸಬೇಕೆಂದು ಬಂಧುಗಳಲ್ಲಿ ವಿನಂತಿಸುತ್ತೇವೆ.