ಮಳೆ ಬಂದಾಗಲೇ ನವರಂಗದ ಫೋಟೋ

ಅಕ್ಟೋಬರ್ ಬಂತೆಂದರೆ ನಮ್ಮ ಗಡಿನಾಡಿನ ಅಡಿಕೆ ತೋಟಗಳಿಗೆ ಒಂದು ಹಕ್ಕಿ ವಲಸೆ ಬರುತ್ತದೆ. ನಮಗದು ನವರಂಗ, ಮಲಯಾಳದವರಿಗೆ ಕಾವಿ. ಮಧ್ಯಭಾರತದ ಕಾಡುಗಳಲ್ಲಿ, ಹಿಮಾಲಯದ ತಪ್ಪಲಿನಲ್ಲಿ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವಂಥದ್ದು. ಪಯಣ ರಾತ್ರಿ ಹೊತ್ತಿನಲ್ಲಿ. ಹಾಡುಗಾರನೇನಲ್ಲ, ಎರಡು ಸ್ವರದ ಸಿಳ್ಳೆ ಅಷ್ಟೆ. ಬೆಳಗ್ಗೆ, ಮುಸ್ಸಂಜೆ ತಪ್ಪದೆ ಕೂಗುವುದರಿಂದ ತಮಿಳರು ಇದನ್ನು ‘ಆರು ಗಂಟೆಯ ಹಕ್ಕಿ’ ಎನ್ನುತ್ತಾರೆ.

ತುಲಾ ಮಾಸದ ಮಳೆ ಶುರುವಾದರೆ ಕ್ಯಾಮೆರಾ ಒಳಗಿಡುವವರೇ ಹೆಚ್ಚು. ನವರಂಗದ ಮಟ್ಟಿಗೆ ಅದು ತಪ್ಪು. ಬಿಸಿಲಿದ್ದಾಗ ಸೋಗೆಯ ಸಂದಿಯಿಂದ ಬೀಳುವ ಬೆಳಕು ಹಕ್ಕಿಯ ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದು ಚಿತ್ರ ಕೆಡುತ್ತದೆ. ಮೋಡವಿದ್ದರೆ ಬೆನ್ನಿನ ಹಸಿರು, ರೆಕ್ಕೆಯ ನೀಲಿ, ಬಾಲದಡಿಯ ಕೆಂಪು ಎಲ್ಲವೂ ಹದವಾಗಿ ಬರುತ್ತವೆ. ಮಳೆ ನಿಂತ ಕೂಡಲೇ ಒದ್ದೆ ತರಗೆಲೆ ಕೆದಕಿ ಹುಳ ಹುಡುಕಲು ಅದೂ ಹೊರಬರುತ್ತದೆ.

ಹಿಂದೆ ಹೋಗಬೇಡಿ. ಜಗಲಿಯಲ್ಲೋ ಕಾರಿನೊಳಗೋ ಕೂತು, ಅಕ್ಕಿ ತುಂಬಿದ ಸಣ್ಣ ಚೀಲದ ಮೇಲೆ ಲೆನ್ಸ್ ಇಡಿ. ನಾಲ್ಕು ಸಲ ಕುಪ್ಪಳಿಸಿ ಒಂದು ಗಳಿಗೆ ನಿಲ್ಲುವುದು ಅದರ ಕ್ರಮ. ನಿಂತಾಗ 1/125 ಸೆಕೆಂಡೂ ಸಾಕು. ಐಎಸ್ಒ 1600 ಅಥವಾ 3200ಕ್ಕೆ ಏರಿಸಲು ಹೆದರಬೇಡಿ. ಹಿನ್ನೆಲೆ ಕಪ್ಪಗಿರುವುದರಿಂದ ಕ್ಯಾಮೆರಾ ಮೋಸಹೋಗಿ ಬಿಳಿ ಹುಬ್ಬು, ಬಿಳಿ ಗಂಟಲನ್ನು ಸುಟ್ಟಹಾಗೆ ತೋರಿಸುತ್ತದೆ. ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ. ಎಸಿ ಕೋಣೆಯಿಂದ ತಂದ ಲೆನ್ಸ್ ಮಂಜಾಗುತ್ತದೆ, ಅರ್ಧ ಗಂಟೆ ಮೊದಲೇ ಹೊರಗಿಡಿ.

ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯುವ ಚಾಳಿ ಈಗ ಹೆಚ್ಚಾಗಿದೆ. ದೂರದಿಂದ ಹಸಿದು ಬಂದ ಹಕ್ಕಿ ಮೇವು ಬಿಟ್ಟು, ಇಲ್ಲದ ಎದುರಾಳಿಯನ್ನು ಹುಡುಕುತ್ತಾ ಅಲೆಯಬೇಕಾಗುತ್ತದೆ. ಅಂಥ ಫೋಟೋಗೆ ಲೈಕ್ ಎಷ್ಟು ಬಂದರೇನು?

ದಣಿದ ನವರಂಗ ಮನೆಯೊಳಗೆ ನುಗ್ಗುವುದು, ಕಿಟಕಿ ಗಾಜಿಗೆ ಬಡಿದು ಬೀಳುವುದು ಕೂಡ ಈ ದಿನಗಳಲ್ಲೇ. ಆಗ ಕ್ಯಾಮೆರಾ ಬೇಡ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಬೆಕ್ಕು ಮಕ್ಕಳಿಂದ ದೂರವಿಡಿ. ಬಾಯಿಗೆ ನೀರು ಹಾಕಬೇಡಿ. ಒಂದೆರಡು ಗಂಟೆ ಬಿಟ್ಟು ತೋಟದ ಬದಿಯಲ್ಲಿ ಪೆಟ್ಟಿಗೆ ತೆರೆಯಿರಿ. ಆಗಲೂ ಹಾರದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.