ಕಡ್ಡಿಯಲ್ಲಿ ಏರುವ ಆಯಿಲ್

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲಿ ಹೊಗೆಸೊಪ್ಪಿನ ಹರಾಜು ಶುರುವಾಯಿತೆಂದರೆ ಬೇಲು ಹೇರಿಕೊಂಡ ಲಾರಿಗಳಿಗೆ ಬಿಡುವಿರುವುದಿಲ್ಲ. ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆ ಭತ್ತದ ಮೂಟೆ ಹೊರುವ ಗಾಡಿಗಳದ್ದೂ ಸುಗ್ಗಿಯಲ್ಲಿ ಇದೇ ಪಾಡು. ಹೊರಡುವ ಮುನ್ನ ಡ್ರೈವರ್ ಆಯಿಲ್ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಬಿಟ್ಟು ನೋಡುತ್ತಾನೆ. ಮಟ್ಟ ಇಳಿದಿದ್ದರೆ ಚಿಂತೆ. ಯಾರೂ ಆಯಿಲ್ ಸುರಿಯದೆ ಮಟ್ಟ ಮೇಲೇರಿದ್ದರೆ ಅದಕ್ಕಿಂತ ದೊಡ್ಡ ಚಿಂತೆ.

ಎಂಜಿನ್ ಆಯಿಲನ್ನು ಹುಟ್ಟಿಸುವುದಿಲ್ಲ. ಏನೋ ಬಂದು ಸೇರಿರಬೇಕು. ರೇಡಿಯೇಟರ್ ನೀರು ಸೇರಿದರೆ ಆಯಿಲ್ ಹಾಲು ಬೆರೆಸಿದಂತೆ ಬಿಳಿಚಿಕೊಳ್ಳುತ್ತದೆ. ಡೀಸೆಲ್ ಸೇರಿದರೆ ಬಣ್ಣ ಕಪ್ಪಾಗಿಯೇ ಇರುತ್ತದೆ; ಕಡ್ಡಿಯಿಂದ ಸರಸರನೆ ಜಾರುತ್ತದೆ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ ಹೊಡೆಯುತ್ತದೆ.

ಪೆಟ್ರೋಲ್ ಆಗಿದ್ದರೆ ಎಂಜಿನ್ ಕಾವಿಗೆ ಬಹುಪಾಲು ಆವಿಯಾಗಿ ಹೋಗುತ್ತಿತ್ತು. ಡೀಸೆಲ್ಲಿನ ಬಹುಭಾಗ ಕುದಿಯುವುದು 180ರಿಂದ 370 ಡಿಗ್ರಿ ಸೆಲ್ಸಿಯಸ್ ನಡುವೆ. ಎಂಜಿನ್ನಿನ ಅಡಿಯ ಚೇಂಬರಿನ ಆಯಿಲ್ ಸಾಮಾನ್ಯವಾಗಿ 100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಒಳಬಂದದ್ದು ಅಲ್ಲೇ ಕೂರುತ್ತದೆ. 15 ಲೀಟರ್ ಆಯಿಲಿಗೆ ಮುಕ್ಕಾಲು ಲೀಟರ್ ಡೀಸೆಲ್ ಬೆರೆತರೂ ಅದು ಶೇ 5ರ ಸಮೀಪ. ಆ ಹೊತ್ತಿಗೆ ಬೇರಿಂಗಿಗೂ ಕ್ರ್ಯಾಂಕಿಗೂ ನಡುವಿನ ಆಯಿಲ್ ಪೊರೆ ತೆಳುವಾಗಿ ಲೋಹಕ್ಕೆ ಲೋಹ ತಾಗತೊಡಗಬಹುದು. ಮಟ್ಟ ವಿಪರೀತ ಏರಿದರಂತೂ ಎಂಜಿನ್ ತನ್ನ ಆಯಿಲನ್ನೇ ಇಂಧನದಂತೆ ಸುಟ್ಟುಕೊಂಡು, ಕೀ ತಿರುಗಿಸಿದರೂ ನಿಲ್ಲದೆ ಓಡುವ ಅಪಾಯವಿದೆ.

ಡೀಸೆಲ್ ಬರುವ ದಾರಿ ಒಂದೇ ಅಲ್ಲ. ನಾಜಲ್ ಸೋರಿದರೆ ಉರಿಯದ ಡೀಸೆಲ್ ಲೈನರ್ ಗೋಡೆಗುಂಟ ಇಳಿದು, ಸವೆದ ರಿಂಗುಗಳನ್ನು ದಾಟಿ ಚೇಂಬರ್ ಸೇರುತ್ತದೆ. ಡೀಸೆಲ್ ಪಂಪಿನ ಸೀಲ್ ಹೋದರೂ ಅಷ್ಟೇ. ಸರದಿಯಲ್ಲಿ ಗಂಟೆಗಟ್ಟಲೆ ಎಂಜಿನ್ ಆರಿಸದೆ ನಿಂತರೆ ಸಿಲಿಂಡರ್ ಸರಿಯಾಗಿ ಕಾಯದೆ ಡೀಸೆಲ್ ಅರೆಬರೆ ಉರಿಯುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಇನ್ನೊಂದು ಕಾರಣವೂ ಸೇರಿತು. ಸೈಲೆನ್ಸರಿನ ಮಸಿ ಫಿಲ್ಟರನ್ನು ಕಾಯಿಸಿ ಅದರೊಳಗಿನ ಮಸಿ ಸುಡಲು ಕೆಲವು ಎಂಜಿನ್‌ಗಳು ಸಿಲಿಂಡರಿಗೆ ತಡವಾಗಿ ಒಂದಿಷ್ಟು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಆ ಕೆಲಸ ನಡುವೆಯೇ ನಿಲ್ಲುತ್ತಾ, ಮತ್ತೆ ಮತ್ತೆ ಶುರುವಾಗುತ್ತಾ ಹೋದರೆ ಒಂದು ಪಾಲು ಆಯಿಲಿಗೆ ಇಳಿಯುತ್ತದೆ. ಊರೊಳಗೆ ಸಣ್ಣ ಸಣ್ಣ ಟ್ರಿಪ್ ಹೊಡೆಯುವ ಗಾಡಿಗಳಿಗೆ ಇದರ ಕಾಟ ಹೆಚ್ಚು.

ಬೆರಳಿನಲ್ಲಿ ಉಜ್ಜಿ ಗಟ್ಟಿ ಇದೆ ಎಂದು ತೀರ್ಮಾನಿಸುವುದು ಮಾತ್ರ ತಪ್ಪು. ಡೀಸೆಲ್ ಆಯಿಲನ್ನು ತೆಳು ಮಾಡಿದರೆ ಮಸಿ ಅದನ್ನೇ ಮಂದ ಮಾಡುತ್ತದೆ. ಎರಡೂ ಸೇರಿದಾಗ ಕೆಟ್ಟ ಆಯಿಲ್ ಒಳ್ಳೆಯದರಂತೆ ತೋರುತ್ತದೆ. ಅದಕ್ಕೆ ಒಂದು ಅಗ್ಗದ ಉಪಾಯವಿದೆ. ಬಿಳಿ ಫಿಲ್ಟರ್ ಕಾಗದದ ಮೇಲೆ ಬಿಸಿ ಎಂಜಿನ್ನಿನ ಆಯಿಲ್ ಒಂದು ಹನಿ, ಪಕ್ಕದಲ್ಲಿ ಅದೇ ಬ್ರ್ಯಾಂಡಿನ ಹೊಸ ಆಯಿಲ್ ಒಂದು ಹನಿ ಬಿಟ್ಟು ಕೆಲವು ಗಂಟೆ ಬಿಡಬೇಕು. ಮಸಿ ನಡುವೆ ಕಪ್ಪಗೆ ಉಳಿಯುತ್ತದೆ, ಆಯಿಲ್ ಸುತ್ತ ಹರಡುತ್ತದೆ. ಡೀಸೆಲ್ ಇದ್ದರೆ ಎಲ್ಲಕ್ಕಿಂತ ಹೊರಗೆ ಮಾಸಲು ಉಂಗುರವೊಂದು ಮೂಡುತ್ತದೆ.

ಇದು ಸುಳಿವು ಮಾತ್ರ. ಖಚಿತ ಲೆಕ್ಕ ಸಿಗುವುದು ಲ್ಯಾಬಿನಲ್ಲಿ. ಹೊಸ ಎಂಜಿನ್ ಆಯಿಲಿನ ಆವಿ ಕಿಡಿಗೆ ಹೊತ್ತಿಕೊಳ್ಳಲು ಅದು 200 ಡಿಗ್ರಿಗಿಂತ ಹೆಚ್ಚು ಕಾಯಬೇಕು. ಡೀಸೆಲ್ ಬೆರೆತಷ್ಟೂ ಆ ಮಿತಿ ಕೆಳಗಿಳಿಯುತ್ತದೆ, ಮಸಿ ಅದನ್ನು ಮುಚ್ಚಿಡಲಾರದು. ಬೆರಕೆ ಶೇಕಡ ಎಷ್ಟೆಂದು ಗ್ಯಾಸ್ ಕ್ರೊಮಾಟೊಗ್ರಫಿ ಹೇಳುತ್ತದೆ.

ಕಡ್ಡಿಯಲ್ಲಿ ಮಟ್ಟ ಏರಿದ್ದು ಕಂಡರೆ ಗಾಡಿ ಓಡಿಸಬೇಡಿ. ಬರೀ ಆಯಿಲ್ ಬದಲಿಸಿ ಹೊರಡಲೂ ಬೇಡಿ. ನಾಜಲ್, ಪಂಪು ಎರಡನ್ನೂ ಬಿಚ್ಚಿಸಿ ಪರೀಕ್ಷೆ ಮಾಡಿಸಿ.